ೞಕಾರದ ಮೊಳೆಗಳೂ ಮುದ್ರಣದ ಶ್ರುತಚರಿತ್ರೆಯೂ

೧

ವ್ಯಾಕರಣಮಹಾಭಾಷ್ಯದಲ್ಲಿ ಒಬ್ಬ ವೈಯಾಕರಣನಿಗೂ ಒಬ್ಬ ಸೂತನಿಗೂ ನಡೆದ ಸಂವಾದವೊಂದು ಬರುತ್ತದೆ. ರಥವನ್ನು ನಡೆಸುವವನನ್ನು ವೈಯಾಕರಣನು ‘ಪ್ರವೇತಾ’ ಎಂಬ ಶಬ್ದದಿಂದ ನಿರ್ದೇಶಿಸಿ, ಆತನು ಯಾರೆಂದು ವಿಚಾರಿಸುತ್ತಾನೆ. ತಾನೇ ಆ ರಥದ ‘ಪ್ರಾಜಿತಾ’ ಎಂದು ಸೂತನು ಉತ್ತರ ಕೊಡುತ್ತಾನೆ. ಅದು ಅಪಶಬ್ದವೆಂದು ವೈಯಾಕರಣನು ಆಕ್ಷೇಪಿಸಲು, ಈತನಿಗೆ ಸೂತ್ರದ ಪ್ರಾಪ್ತಿಯು ಗೊತ್ತೇ ಹೊರತು ಇಷ್ಟಿಯು ಗೊತ್ತಿಲ್ಲವೆಂದು ಸೂತನು ಹೇಳಿಬಿಡುತ್ತಾನೆ. ನಿಯಮವು ಎಲ್ಲಿಯವರೆಗೆ ಹರಿಯುತ್ತದೆಂಬುದನ್ನು ಬಲ್ಲವನಿಗೆ, ಬಳಕೆಯು ಏನನ್ನು ಬಯಸುತ್ತದೆಂಬುದು ತಿಳಿಯದೆ ಹೋಗಬಹುದೆಂದು ತಾತ್ಪರ್ಯ. ಭಾಷ್ಯಕಾರನು ಇಲ್ಲಿ ಸೂತನ ಶಬ್ದವನ್ನೇ ಸಾಧುವೆಂದು ಅಂಗೀಕರಿಸಿರುವುದು ಗಮನಿಸತಕ್ಕ ವಿಷಯ.

ಪಾಠಶಾಲೆಯಲ್ಲಿ ಈ ಭಾಗವನ್ನು ಓದಿದಾಗ ನಾವು ಸಹಪಾಠಿಗಳು ನಕ್ಕು ಮುಂದಕ್ಕೆ ಹೋದೆವು. ಅದರ ಅರ್ಥವು ನನ್ನ ಮನಸ್ಸಿಗೆ ನಾಟಿದ್ದು ಐವತ್ತು ವರ್ಷ ದಾಟಿದ ಮೇಲೆ; ಅದೂ ಅಚ್ಚಿನ ಮನೆಯಲ್ಲಿ ಮೊಳೆ ಜೋಡಿಸುತ್ತಿದ್ದ ಇಬ್ಬರು ವೃದ್ಧರ ಮಾತಿನಿಂದ. ಆ ವೃತ್ತಾಂತವನ್ನು ವಾಚಕಮಹಾಶಯರ ಮುಂದಿಡುವುದು, ಯಂತ್ರಗಳ ಮತ್ತು ಕಸಬುಗಳ ಚರಿತ್ರೆಯನ್ನು ವಿದ್ಯಾರ್ಥಿಗಳ ಗುಂಪುಗಳು ಕುಶಲರ ಬಾಯಿಂದ ಕೇಳಿ ಸಂಗ್ರಹಿಸಬೇಕಾದ ಅಗತ್ಯವನ್ನೂ ಅದರ ಕ್ರಮವನ್ನೂ ವಿಚಾರಿಸುವುದು, ಮತ್ತು ನಾನು ಹಿಂದೆ ಪ್ರಕಟಿಸಿದ ಒಂದು ನಿರ್ಣಯವನ್ನು ಹಿಂದಕ್ಕೆ ತೆಗೆದುಕೊಳ್ಳುವುದು, ಇವು ಈ ಲೇಖನದ ಉದ್ದೇಶಗಳು.

೨

ಕನ್ನಡ ಮುದ್ರಣದ ಸ್ಥೂಲಚರಿತ್ರೆಯು ನಮಗೆ ತಕ್ಕಮಟ್ಟಿಗೆ ವಿದಿತವಾಗಿದೆ. ವಿಲಿಯಂ ಕೇರಿಯವರ ಕರ್ಣಾಟಕಭಾಷೆಯ ವ್ಯಾಕರಣವು ೧೮೧೭ರಲ್ಲಿ ವಂಗದೇಶದ ಶ್ರೀರಾಮಪುರದಲ್ಲಿ ಅಚ್ಚಾಯಿತು. ೧೮೪೧ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಮುದ್ರಣಾಲಯವು ಸ್ಥಾಪಿತವಾಯಿತು. ೧೮೪೩ನೆಯ ಇಸವಿ ಜುಲೈ ೧ರಂದು ಹೆರ್ಮನ್ ಮೋಗ್ಲಿಂಗರ ಸಂಪಾದಕತ್ವದಲ್ಲಿ ಹೊರಟ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನದು. ಕಿಟ್ಟೆಲ್ ಪಂಡಿತರು ಸಂಪಾದಿಸಿದ ಶಬ್ದಮಣಿದರ್ಪಣವು ೧೮೭೨ರಲ್ಲಿಯೂ ಅವರ ಮಹಾನಿಘಂಟು ೧೮೯೪ರಲ್ಲಿಯೂ ಮಂಗಳೂರಿನಿಂದ ಪ್ರಕಟವಾದುವು.

ಈ ಇಸವಿಗಳು ಗ್ರಂಥಗಳ ಮುಖಪತ್ರಗಳಿಂದಲೂ ದಾಖಲೆಗಳಿಂದಲೂ ತಿಳಿಯಬರುವಂಥವು. ಮುಖಪತ್ರವು ಹೇಳದ ಸಂಗತಿಗಳು ಇವಕ್ಕಿಂತ ಹೆಚ್ಚು. ಸೀಸ, ತವರ, ಅಂಟಿಮನಿಗಳನ್ನು ಬೆರಸಿ ಎರೆದ ಮೊಳೆಗಳನ್ನು ನೂರಾರು ಸಣ್ಣ ಮನೆಗಳುಳ್ಳ ಪೆಟ್ಟಿಗೆಗಳಲ್ಲಿ ಹೇಗೆ ಹಂಚಿಡುತ್ತಿದ್ದರು? ಕನ್ನಡದ ಗುಣಿತಾಕ್ಷರಗಳಿಗೂ ಒತ್ತಕ್ಷರಗಳಿಗೂ ಎಲ್ಲೆಲ್ಲಿ ಸ್ಥಳ ಕೊಡುತ್ತಿದ್ದರು? ಕನ್ನಡಿಯೊಳಗಿನ ಬಿಂಬದಂತೆ ತಿರುಗುಮುರುಗಾದ ಅಕ್ಷರಗಳನ್ನು ಓದುವ ಅಭ್ಯಾಸವು ಎಷ್ಟು ತಿಂಗಳಿಗೆ ಕೈಗೂಡುತ್ತಿತ್ತು? ಒಂದು ಮೊಳೆಯು ಮುಗಿದುಹೋದರೆ ಏನು ಮಾಡುತ್ತಿದ್ದರು? ಇವಕ್ಕೆ ಉತ್ತರವು ಗ್ರಂಥಭಂಡಾರಗಳಲ್ಲಿ ಸುಲಭವಾಗಿ ಸಿಕ್ಕುವುದಿಲ್ಲ. ಮೊಳೆ ಜೋಡಿಸುವವನು ಇತರರ ಗ್ರಂಥಗಳನ್ನು ಸಾವಿರಗಟ್ಟಲೆ ಪುಟಗಳಲ್ಲಿ ಅಣಿಮಾಡಿದನೇ ಹೊರತು ತನ್ನ ಕೆಲಸದ ವಿಷಯವಾಗಿ ಒಂದು ಪುಟವನ್ನೂ ಬರೆದಿಡುವುದು ಅಪರೂಪ. ಮೊಳೆಗಳ ಕಾಲವು ಮುಗಿದು ಗಣಕಯಂತ್ರದ ಕಾಲವು ಬಂದ ಮೇಲೆ ಎಷ್ಟೋ ಮುದ್ರಣಾಲಯಗಳಲ್ಲಿ ಮೊಳೆಗಳು ತೂಕದ ಲೆಕ್ಕದಲ್ಲಿ ಕರಗಿಸುವವರ ಪಾಲಾದುವು. ಪೆಟ್ಟಿಗೆಗಳು ಸೌದೆಯಾದುವು. ಉಳಿದಿರುವುದು ಕೈಗಳ ನೆನಪು ಮಾತ್ರ.

ಇಂತಹ ಸಂಗತಿಗಳು ಕಸಬಿನ ಇತಿಹಾಸಕ್ಕೆ ಸೇರಿದವು, ಸಾಹಿತ್ಯದ ಅಧ್ಯಾಪಕರಿಗೆ ಇವುಗಳಿಂದೇನು ಎಂದು ಕೆಲವರು ಕೇಳಬಹುದು. ನಾನೂ ಹಾಗೆಯೇ ತಿಳಿದಿದ್ದೆನು. ಅದರ ಫಲವನ್ನು ಈಗ ನಿವೇದಿಸುತ್ತೇನೆ.

೩

ಹಳಗನ್ನಡದ ೞಕಾರವನ್ನು ನಮ್ಮ ಲಾಕ್ಷಣಿಕರು ‘ರಳ’ವೆಂದು ಕರೆದು, ಕುಳ ಕ್ಷಳಗಳಿಂದ ಬೇರ್ಪಡಿಸಿದ್ದಾರೆ. ‘ಬಾೞ್’ ಎಂದರೆ ಜೀವಿಸು. ‘ಬಾಳ್’ ಎಂದರೆ ಖಡ್ಗ. ಕಾಲಕ್ರಮದಲ್ಲಿ ಉಚ್ಚಾರಣೆಯಲ್ಲಿ ಈ ಭೇದವು ಅಳಿದುಹೋದುದರಿಂದ, ಒಂದು ಪ್ರತಿಯಲ್ಲಿ ರಳವು ಸರಿಯಾಗಿ ಪ್ರಯೋಗವಾಗಿದೆಯೇ ಇಲ್ಲವೇ ಎಂಬುದು ಆ ಪ್ರತಿಯ ಪ್ರಾಚೀನತೆಯನ್ನೂ ಲಿಪಿಕಾರನ ವ್ಯುತ್ಪತ್ತಿಯನ್ನೂ ಊಹಿಸಲು ಒಂದು ಸಾಧನವಾಗಿದೆ.

ಸುಮಾರು ಐವತ್ತು ವರ್ಷಗಳ ಹಿಂದೆ ಒಂದು ಸಣ್ಣ ಮುದ್ರಣಾಲಯದಲ್ಲಿ ಅಚ್ಚಾದ ಹಳಗನ್ನಡ ಕಾವ್ಯವೊಂದರಲ್ಲಿ ಕೆಲವು ಪುಟಗಳಲ್ಲಿ ೞಕಾರವೂ ಕೆಲವು ಪುಟಗಳಲ್ಲಿ ಅದರ ಬದಲಾಗಿ ಳಕಾರವೂ ಇರುವುದನ್ನು ನಾನು ನೋಡಿದೆನು. ಕಾವ್ಯದ ಹೆಸರೂ ಮುದ್ರಣಾಲಯದ ಹೆಸರೂ ಇಲ್ಲಿ ಅನಾವಶ್ಯಕ. ಆಧಾರವಾದ ಓಲೆಯ ಪ್ರತಿಯನ್ನು ಇಬ್ಬರು ಲಿಪಿಕಾರರು ಬರೆದಿರಬೇಕೆಂದೂ, ಅವರಲ್ಲೊಬ್ಬನು ಅರ್ವಾಚೀನನೆಂದೂ ನಾನು ಊಹಿಸಿ, ಇಪ್ಪತ್ತು ವರ್ಷಗಳ ಹಿಂದೆ ಅದನ್ನು ಲೇಖನವಾಗಿ ಪ್ರಕಟಿಸಿದೆನು. ಆ ಊಹೆಯನ್ನು ಯಾರೂ ಖಂಡಿಸಲಿಲ್ಲ. ನಾನು ಅದನ್ನು ವಿದ್ಯಾರ್ಥಿಗಳಿಗೆ ಗ್ರಂಥಸಂಪಾದನೆಯ ನಿದರ್ಶನವಾಗಿ ಪಾಠ ಹೇಳುತ್ತಲೂ ಬಂದೆನು.

ಈಚೆಗೆ ಐವರು ವಿದ್ಯಾರ್ಥಿಗಳು ಗುಂಪುಗೂಡಿ ಹಳೆಯ ಮುದ್ರಣವಿಧಾನವನ್ನು ಕುರಿತು ವೃದ್ಧರ ಮಾತುಗಳನ್ನು ಧ್ವನಿಮುದ್ರಿಸಿಕೊಳ್ಳಬೇಕೆಂದು ಹೊರಟರು. ಆ ಮುದ್ರಣಾಲಯದಲ್ಲಿ ಕೆಲಸ ಮಾಡಿದ ಇಬ್ಬರು ಸಿಕ್ಕಿದರು. ಮೊದಲನೆಯ ವೃದ್ಧರ ಮನೆಗೆ ನಾನೂ ಜೊತೆಯಲ್ಲಿ ಹೋಗಿದ್ದೆನು. ಆ ಪುಸ್ತಕವನ್ನು ಅವರ ಕೈಗೆ ಕೊಟ್ಟಾಗ ಅವರು ಓದಲು ತೊಡಗದೆ, ಪುಟದ ಮೇಲೆ ಬೆರಳನ್ನಾಡಿಸಿ ಮೊಳೆ ಒತ್ತಿದ ಗುರುತನ್ನು ಪರೀಕ್ಷಿಸಿದರು. ನಾನು ನನ್ನ ಇಬ್ಬರು ಲಿಪಿಕಾರರ ಸಂಗತಿಯನ್ನು ವಿವರಿಸಿದೆನು. ಅವರು ತಾಳ್ಮೆಯಿಂದ ಕೇಳಿ, “ಅದೇನೂ ಇಲ್ಲ, ಸ್ವಾಮಿ. ಆ ಹಳೇ ಳ ನಮ್ಮಲ್ಲಿ ಒಂದು ಹಿಡಿಯಷ್ಟೂ ಇರಲಿಲ್ಲ. ಮುಗಿದ ಮೇಲೆ, ಪುಸ್ತಕ ಮಾಡುತ್ತಿದ್ದವರಿಗೆ ಹೇಳಿ, ಇದ್ದ ಳವನ್ನೇ ಇಡುತ್ತಿದ್ದೆವು” ಎಂದರು.

ಮನೆಗೆ ಬಂದ ಮೇಲೆ ವಿದ್ಯಾರ್ಥಿಯೊಬ್ಬನು ಈ ಮಾತನ್ನು ಬರಹಕ್ಕಿಳಿಸುವಾಗ ‘ಹಳೇ ಳ’ ಎಂಬುದನ್ನು ತಿದ್ದಿ ‘ರಳ’ ಎಂದು ಬರೆದನು. ಅದನ್ನು ಸರಿಯೆಂದು ಮೊದಲು ಒಪ್ಪಿದವನು ನಾನೇ. ಸೂತನ ಶಬ್ದವನ್ನು ಅಪಶಬ್ದವೆಂದ ವೈಯಾಕರಣನ ನೆನಪಾದುದು ಆ ಕ್ಷಣದಲ್ಲಿ. ತಿದ್ದುಪಡಿಯನ್ನು ಹೊಡೆದುಹಾಕಿಸಿದೆನು.

೪

ಎರಡನೆಯ ವೃದ್ಧರ ಹೇಳಿಕೆಯು ಇದಕ್ಕೆ ವಿರುದ್ಧವಾಗಿತ್ತು. ಮೊಳೆಯ ಕೊರತೆಯನ್ನು ತಾವು ಕಂಡಿಲ್ಲವೆಂದೂ, ಕೈಬರಹದ ಪ್ರತಿಯಲ್ಲಿ ಇದ್ದುದು ಳಕಾರವೇ ಎಂದೂ, ಇದ್ದಂತೆ ಜೋಡಿಸುವುದೇ ತಮ್ಮ ಧರ್ಮವೆಂದೂ ಅವರು ಖಂಡಿತವಾಗಿ ನುಡಿದರು. ಇಬ್ಬರಲ್ಲಿ ಒಬ್ಬರಿಗೆ ಮರೆವು ಬಂದಿರಬೇಕೆಂದು ವಿದ್ಯಾರ್ಥಿಗಳು ತೀರ್ಮಾನಿಸಿ, ಯಾರ ಮಾತನ್ನು ಬಿಡಬೇಕೆಂದು ನನ್ನನ್ನು ಕೇಳಿದರು. ಯಾರ ಮಾತನ್ನೂ ಬಿಡಬೇಡಿರಿ, ಪುಸ್ತಕವನ್ನೇ ಸಾಕ್ಷಿಗೆ ಕರೆಯಿರಿ ಎಂದೆನು.

ಇಲ್ಲಿ ಮುದ್ರಣವಿಧಾನವನ್ನು ಸ್ವಲ್ಪ ಹೇಳಬೇಕಾಗಿದೆ. ಸಣ್ಣ ಮುದ್ರಣಾಲಯದಲ್ಲಿ ಇಡೀ ಗ್ರಂಥಕ್ಕೆ ಸಾಲುವಷ್ಟು ಮೊಳೆಗಳು ಇರುತ್ತಿರಲಿಲ್ಲ. ಕೆಲವು ಪುಟಗಳನ್ನು ಜೋಡಿಸಿ, ಚೌಕಟ್ಟಿನಲ್ಲಿ ಬಿಗಿದು, ಕರಡಚ್ಚನ್ನು ತಿದ್ದಿ, ಬೇಕಾದಷ್ಟು ಪ್ರತಿಗಳನ್ನು ಅಚ್ಚು ಹಾಕಿದ ಮೇಲೆ ಆ ಮೊಳೆಗಳನ್ನು ಬಿಚ್ಚಿ, ತೊಳೆದು, ಮತ್ತೆ ಅವುಗಳ ಮನೆಗಳಿಗೆ ಹಂಚುತ್ತಿದ್ದರು. ಅನಂತರವೇ ಮುಂದಿನ ಪುಟಗಳು. ಹೀಗೆ ಒಂದು ಸಲ ಬಿಗಿಯುವ ಪುಟಗಳ ತಂಡಕ್ಕೆ ‘ಫಾರಮ್ಮು’ ಎಂದು ಹೆಸರು. ಈ ಗ್ರಂಥದಲ್ಲಿ ಒಂದು ಫಾರಮ್ಮಿಗೆ ಎಂಟು ಪುಟಗಳು. ಮೊದಲನೆಯ ವೃದ್ಧರ ಮಾತು ನಿಜವಾಗಿದ್ದರೆ, ಪ್ರತಿಯೊಂದು ಫಾರಮ್ಮಿನ ಆದಿಯಲ್ಲಿ ೞಕಾರವು ಕಾಣಿಸಿಕೊಂಡು, ಮೊಳೆ ಮುಗಿದಲ್ಲಿ ನಿಂತು, ಮುಂದಿನ ಫಾರಮ್ಮಿನ ಆದಿಯಲ್ಲಿ ಪುನಃ ತಲೆದೋರಬೇಕು. ಲಿಪಿಕಾರಭೇದವೇ ಕಾರಣವಾಗಿದ್ದರೆ ಎಂಟೆಂಟು ಪುಟಗಳ ಈ ಆವೃತ್ತಿಯು ಸಂಭವಿಸಲಾರದು.

ವಿದ್ಯಾರ್ಥಿಗಳು ರಳವಿರಬೇಕಾದ ಸ್ಥಳಗಳನ್ನೆಲ್ಲ ಪುಟವಾರು ಗುರುತಿಸಿ ಪಟ್ಟಿ ಮಾಡಿದರು. ಗ್ರಂಥದ ಬಹುಭಾಗದಲ್ಲಿ ಆವೃತ್ತಿಯು ಸ್ಪಷ್ಟವಾಗಿ ಕಂಡಿತು. ನನ್ನ ಇಬ್ಬರು ಲಿಪಿಕಾರರೂ ಅಲ್ಲಿಗೆ ಅಂತರ್ಧಾನರಾದರು. ಆದರೆ ಕೊನೆಯ ಎರಡು ಫಾರಮ್ಮುಗಳಲ್ಲಿ ಒಂದು ಕಡೆಯಲ್ಲಿಯೂ ೞಕಾರವಿರಲಿಲ್ಲ. ಮೊಳೆಯ ಕೊರತೆಯಿಂದ ಇದನ್ನು ಸಮರ್ಥಿಸಲಾಗದು. ಫಾರಮ್ಮಿನ ಆದಿಯಲ್ಲಾದರೂ ಕೆಲವು ಮೊಳೆಗಳು ಇರಲೇಬೇಕಷ್ಟೆ. ಎರಡನೆಯ ವೃದ್ಧರನ್ನು ಮತ್ತೆ ಕಂಡು ವಿಚಾರಿಸಲಾಗಿ, ಅವರು ಆ ಮುದ್ರಣಾಲಯಕ್ಕೆ ಸೇರಿದುದು ಆ ಗ್ರಂಥದ ಕೆಲಸವು ಮುಗಿಯುತ್ತಿದ್ದ ಕಾಲದಲ್ಲಿ ಎಂಬುದೂ, ಅವರು ಜೋಡಿಸಿದುದು ಕಡೆಯ ಭಾಗವನ್ನು ಮಾತ್ರ ಎಂಬುದೂ, ಆ ಭಾಗದ ಕೈಬರಹವು ಬೇರೆ ಹಸ್ತಾಕ್ಷರದ್ದಾಗಿತ್ತೆಂಬುದೂ ತಿಳಿದುಬಂದುವು. ಮೊದಲು ನಾವು ಈ ಪ್ರಶ್ನೆಯನ್ನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಮಧ್ಯದ ಎರಡು ಪುಟಗಳ ವ್ಯತ್ಯಾಸಕ್ಕೆ ಇನ್ನೂ ಸಮಾಧಾನವು ದೊರೆತಿಲ್ಲವಾದರೂ, ಇಬ್ಬರು ವೃದ್ಧರೂ ತಾವು ತಾವು ಮಾಡಿದ ಕೆಲಸದ ಮಟ್ಟಿಗೆ ಸತ್ಯವನ್ನೇ ಹೇಳಿದ್ದರು. ಸುಳ್ಳಾದುದು ಪಂಡಿತನ ಊಹೆ ಮಾತ್ರ. ಅದನ್ನು ನಾನು ಈ ಮೂಲಕ ಹಿಂದಕ್ಕೆ ತೆಗೆದುಕೊಂಡಿದ್ದೇನೆ.

೫

ಕಸಬಿನವರ ಬಾಯಿಮಾತು ಪ್ರಮಾಣವಾದೀತೇ ಎಂಬ ಶಂಕೆಯು ಶಾಸ್ತ್ರಾಭ್ಯಾಸ ಮಾಡಿದವರಿಗೆ ಬರಬಾರದು. ಆಪ್ತನ ಉಪದೇಶವು ಶಬ್ದಪ್ರಮಾಣವೆಂದು ಗೌತಮನ ನ್ಯಾಯಸೂತ್ರವು ವಿಧಿಸುತ್ತದೆ. ಆಪ್ತನೆಂದರೆ ಯಾರು? ವಿಷಯವನ್ನು ಸಾಕ್ಷಾತ್ಕರಿಸಿಕೊಂಡು, ಕಂಡಂತೆ ತಿಳಿಸಬೇಕೆಂಬ ಇಚ್ಛೆಯಿಂದ ಹೇಳುವವನು ಎಂದು ವಾತ್ಸ್ಯಾಯನನ ಭಾಷ್ಯ. ಈ ಲಕ್ಷಣವು ಋಷಿಗಳಿಗೂ ಆರ್ಯರಿಗೂ ಮ್ಲೇಚ್ಛರಿಗೂ ಸಮಾನವೆಂದು ಅವನು ಒಡನೆಯೇ ಸೇರಿಸಿರುವನು. ಹಾಗಿರಲು ಆಪ್ತತ್ವವು ಕುಲದಿಂದಾಗಲಿ ಗ್ರಂಥಾಧ್ಯಯನದಿಂದಾಗಲಿ ಬರತಕ್ಕದ್ದಲ್ಲ, ಸಾಕ್ಷಾತ್ಕಾರದಿಂದ ಬರತಕ್ಕದ್ದು. ಸಾಕ್ಷಾತ್ಕಾರವು ಎಲ್ಲಿ ನಿಲ್ಲುತ್ತದೆಯೋ ಆಪ್ತತ್ವವೂ ಅಲ್ಲಿಯೇ ನಿಲ್ಲುತ್ತದೆ. ನಮ್ಮ ಇಬ್ಬರು ವೃದ್ಧರ ವಿರೋಧಕ್ಕೆ ಪರಿಹಾರವು ಈ ಒಂದು ಲಕ್ಷಣದಲ್ಲಿಯೇ ಅಡಗಿತ್ತು.

ಮೀಮಾಂಸಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಪಿಕ, ನೇಮ, ತಾಮರಸ ಮೊದಲಾದ ಶಬ್ದಗಳಿಗೆ ಆರ್ಯರಲ್ಲಿ ಬಳಕೆಯಿಲ್ಲದಿರುವಾಗ ಧಾತುಗಳಿಂದ ಅರ್ಥವನ್ನು ಕಲ್ಪಿಸಬೇಕೇ, ಮ್ಲೇಚ್ಛರ ಪ್ರಸಿದ್ಧಿಯನ್ನು ಸ್ವೀಕರಿಸಬೇಕೇ ಎಂದು ವಿಚಾರವು ಬಂದಾಗ, ಪ್ರಸಿದ್ಧಿಯೇ ಗ್ರಾಹ್ಯವೆಂದು ಶಬರಸ್ವಾಮಿಯ ಸಿದ್ಧಾಂತ. ಹಕ್ಕಿಗಳನ್ನು ಸಾಕುವುದರಲ್ಲಿಯೂ ಹಿಡಿದು ಕಟ್ಟುವುದರಲ್ಲಿಯೂ ಅವರು ಹೆಚ್ಚು ಪರಿಣತರೆಂಬುದು ಅವನು ಕೊಡುವ ಕಾರಣಗಳಲ್ಲೊಂದು. ಅಂದಿನ ಜನಭೇದದ ಹೆಸರುಗಳನ್ನು ನಾವು ಇಂದು ಹೊರಬೇಕಾಗಿಲ್ಲ. ಕೈಯಿಂದ ಮಾಡುವವನು ಆ ವಿಷಯದಲ್ಲಿ ವ್ಯುತ್ಪತ್ತಿ ಹೇಳುವವನಿಗಿಂತ ಬಲವತ್ತರವಾದ ಸಾಕ್ಷಿ ಎಂಬ ತತ್ತ್ವವನ್ನು ಮಾತ್ರ ಹಿಡಿಯತಕ್ಕದ್ದು. ಈ ತತ್ತ್ವವನ್ನು ಶತಮಾನಗಳಿಂದ ಬಾಯಿಪಾಠ ಮಾಡಿದ ನಾವು ಕಮ್ಮಾರನ ಮನೆಗಾಗಲಿ ಮುದ್ರಣಾಲಯಕ್ಕಾಗಲಿ ಪ್ರಶ್ನೆ ಕೇಳಲು ಹೋದುದು ವಿರಳ.

೬

ಇತರ ದೇಶಗಳಲ್ಲಿ ಈ ಕಾರ್ಯವು ನಡೆದ ಬಗೆಯನ್ನು ನೋಡುವುದು ಉಪಯುಕ್ತ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ೧೯೪೮ರಲ್ಲಿ ಅಲನ್ ನೆವಿನ್ಸ್ ಎಂಬ ಚರಿತ್ರಕಾರರು ಶ್ರುತಚರಿತ್ರೆಯ ಸಂಗ್ರಹವನ್ನು ಆರಂಭಿಸಿದರು. ಅಲ್ಲಿ ಮೊದಮೊದಲು ಹೇಳುವವರು ಬಹುಮಟ್ಟಿಗೆ ರಾಜ್ಯವ್ಯವಹಾರದಲ್ಲಿಯೂ ವ್ಯಾಪಾರದಲ್ಲಿಯೂ ಹೆಸರಾದವರು. ಕೈಕಸಬಿನ ಸಾಮಾನ್ಯರನ್ನು ಶಾಲೆಯ ಮಕ್ಕಳೇ ಹುಡುಕಿಕೊಂಡು ಹೋದುದಕ್ಕೆ ಪ್ರಸಿದ್ಧವಾದ ನಿದರ್ಶನವು ಅದೇ ದೇಶದ ಜಾರ್ಜಿಯಾ ಸಂಸ್ಥಾನದ ಬೆಟ್ಟದ ಸೀಮೆಯಲ್ಲಿದೆ. ೧೯೬೬ರಲ್ಲಿ ರಾಬನ್ ಗ್ಯಾಪ್ ಎಂಬಲ್ಲಿಯ ಶಾಲೆಯ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಪಾಠದಲ್ಲಿ ಮನಸ್ಸು ನಿಲ್ಲದಿರಲು, ಅವರೇ ಒಂದು ಪತ್ರಿಕೆಯನ್ನು ಹೊರಡಿಸುವುದೆಂದು ನಿಶ್ಚಯವಾಯಿತು. ಕಾಡಿನ ಕೊಳೆತ ಮರದ ಮೇಲೆ ಇರುಳಲ್ಲಿ ಮಿನುಗುವ ಒಂದು ಬಗೆಯ ಅಣಬೆಯ ಹೆಸರನ್ನು, ಎಂದರೆ ‘ಫಾಕ್ಸ್‌ಫೈರ್’ ಎಂಬುದನ್ನು, ಅದಕ್ಕೆ ಇಟ್ಟರು. ಮೊದಲನೆಯ ಸಂಚಿಕೆಯು ೧೯೬೭ರಲ್ಲಿ ಹೊರಟಿತು.

ಮಕ್ಕಳು ತಮ್ಮ ಅಜ್ಜ ಅಜ್ಜಿಯರನ್ನೂ ನೆರೆಯ ವೃದ್ಧರನ್ನೂ ಕಂಡು, ದಿಮ್ಮಿಗಳಿಂದ ಮನೆ ಕಟ್ಟುವ ಬಗೆ, ಸಾಬೂನು ಕಾಯಿಸುವ ಬಗೆ, ಬುಟ್ಟಿ ಹೆಣೆಯುವ ಬಗೆ ಮೊದಲಾದುವನ್ನು ಧ್ವನಿಮುದ್ರಿಸಿಕೊಂಡು, ಭಾವಚಿತ್ರಗಳನ್ನು ತೆಗೆದು, ಅವರವರ ನುಡಿಯಲ್ಲಿಯೇ ಬರೆದರು. ಆ ಬರಹಗಳಿಂದ ಆಯ್ದ ಗ್ರಂಥವು ೧೯೭೨ರಲ್ಲಿ ಪ್ರಕಟವಾಗಿ ಲಕ್ಷಗಟ್ಟಲೆ ಪ್ರತಿಗಳು ಮಾರಾಟವಾದುವು. ಅದರಿಂದ ಬಂದ ಹಣದಲ್ಲಿ ಬೆಟ್ಟದ ಮೇಲೆ ನೆಲವನ್ನು ಕೊಂಡು, ಹಳೆಯ ಮರದ ಮನೆಗಳನ್ನು ತಂದು ನಿಲ್ಲಿಸಿದರು. ಹೀಗೆ ಮಾತಿನ ಸಂಗ್ರಹಕ್ಕೆ ವಸ್ತುವಿನ ಸಂಗ್ರಹವೂ ಜೊತೆಗೂಡಿತು. ಮೊಳೆಗಳನ್ನು ಕರಗಿಸಲು ಕೊಟ್ಟ ನಮಗೆ ಇದು ಪಾಠವಾಗತಕ್ಕದ್ದು.

೭

ಈ ಕಾರ್ಯಕ್ಕೆ ಗುಂಪೇ ಏಕೆ ಬೇಕು, ಒಬ್ಬ ವಿದ್ವಾಂಸನು ಸಾಲದೇ ಎಂದರೆ, ಪಾಠಶಾಲೆಯ ಅನುಭವದಿಂದ ಉತ್ತರ ಹೇಳಬಲ್ಲೆನು. ವೇದವನ್ನು ಉಳಿಸಿದುದು ಒಬ್ಬನ ಜ್ಞಾಪಕಶಕ್ತಿಯಲ್ಲ. ಸಂಹಿತೆ, ಪದ, ಕ್ರಮ, ಜಟೆ, ಘನಗಳೆಂದು ಒಂದೇ ಪಾಠವನ್ನು ಹಲವು ಬಗೆಯಾಗಿ ಹೇಳಿಸಿ, ಒಬ್ಬನು ತಪ್ಪಿದಲ್ಲಿ ಪಕ್ಕದವನು ಹಿಡಿಯುವಂತೆ ಏರ್ಪಡಿಸಿದ ವ್ಯವಸ್ಥೆಯೇ ಅದನ್ನು ಉಳಿಸಿತು. ಶ್ರುತಚರಿತ್ರೆಯಲ್ಲಿಯೂ ಒಬ್ಬನು ಪ್ರಶ್ನಿಸಬೇಕು, ಒಬ್ಬನು ಧ್ವನಿಯನ್ನು ನೋಡಿಕೊಳ್ಳಬೇಕು, ಒಬ್ಬನು ಹೇಳುವವರ ಕೈಯ ಚಲನೆಯನ್ನು ಗಮನಿಸಬೇಕು. ಬರಹಕ್ಕಿಳಿಸಿದುದನ್ನು ಮತ್ತೊಬ್ಬನು ಧ್ವನಿಯೊಡನೆ ಹೋಲಿಸಬೇಕು. ಕೊನೆಗೆ ಬರಹವನ್ನು ಹೇಳಿದವರಿಗೇ ಓದಿ ತೋರಿಸಿ ಒಪ್ಪಿಗೆಯನ್ನು ಪಡೆಯಬೇಕು. ಎರಡು ಹೇಳಿಕೆಗಳು ಭಿನ್ನವಾದರೆ ಎರಡನ್ನೂ ಪಾಠಾಂತರಗಳಂತೆ ಉಳಿಸಿ, ಹೇಳಿದವನು ತಾನು ಕಂಡುದೆಷ್ಟು, ಕೇಳಿದುದೆಷ್ಟು ಎಂಬುದನ್ನು ಬೇರೆ ಬೇರೆಯಾಗಿ ಗುರುತಿಸಬೇಕು. ವಸ್ತುವು ದೊರೆತಲ್ಲೆಲ್ಲ ಮಾತನ್ನು ವಸ್ತುವಿನೊಡನೆ ಪರೀಕ್ಷಿಸಬೇಕು. ಕಸಬಿನ ಮಾತುಗಳನ್ನು ಶಿಷ್ಟರೂಪಕ್ಕೆ ತಿದ್ದಬಾರದು.

ಈ ಸಂಗ್ರಹಗಳು ಇಂದು ಅಂಕೀಯರೂಪದಲ್ಲಿ ಯಂತ್ರಗಳೊಳಗೆ ಸೇರುತ್ತವೆ. ಅದರಿಂದ ಚಿರಸ್ಥಾಯಿಯಾದುವೆಂದು ನಂಬುವುದು ಅವಿವೇಕ. ಓಲೆಗೆ ಹುಳುವಿರುವಂತೆ ಇವುಗಳಿಗೂ ನಾಶಹೇತುಗಳುಂಟು. ಉಪಕರಣವು ಕೆಡುತ್ತದೆ, ಸಂಕೇತಪದ್ಧತಿಯು ಬದಲಾಗುತ್ತದೆ, ಗುಪ್ತಪದವನ್ನು ಬಲ್ಲವನು ಊರು ಬಿಡುತ್ತಾನೆ. ವೇದಶಾಖೆಗಳು ಹಲವು ಊರುಗಳಲ್ಲಿ ಉಳಿದುದರಿಂದಲೇ ಉಳಿದುವು. ಧ್ವನಿಮುದ್ರಿಕೆಗಳ ಪ್ರತಿಗಳೂ ಹಲವು ಕಡೆಗಳಲ್ಲಿರಬೇಕು, ಜೊತೆಯಲ್ಲಿ ಕಾಗದದ ಮೇಲೆ ಬರಹವೂ ಇರಬೇಕು.

ಗಣಕಯಂತ್ರದ ಚರಿತ್ರೆಯೂ ಆಗಲೇ ಹಳೆಯದಾಗುತ್ತ ಬಂದಿದೆ. ಬೆರಳಚ್ಚು ಯಂತ್ರಕ್ಕೆ ಕನ್ನಡದ ಕೀಲಿಮಣೆಯನ್ನು ರೂಪಿಸಿದ ಕೆ. ಅನಂತಸುಬ್ಬರಾಯರ ಹೆಸರನ್ನೂ, ಗಣಕಕ್ಕೆ ಕೀಲಿಮಣೆಯನ್ನು ರೂಪಿಸಿದ ಕೆ. ಪಿ. ರಾವ್ ಅವರ ಹೆಸರನ್ನೂ ನಾವು ಬಲ್ಲೆವು. ಆ ಕೀಲಿಗಳ ಮುಂದೆ ಕುಳಿತು ಕಚೇರಿಗಳ ಕಾಗದಗಳನ್ನೂ ಪುಸ್ತಕಗಳನ್ನೂ ಒತ್ತಿದ ಸ್ತ್ರೀಪುರುಷರನ್ನು ಕೇಳಿ ಬರೆದವರು ವಿರಳ. ೞಕಾರಕ್ಕೆ ಇಲ್ಲಿಯೂ ಒಂದು ಪಾಡು ಒದಗಿದೆ. ಜಗತ್ತಿನ ಲಿಪಿಗಳಿಗೆಲ್ಲ ಸ್ಥಾನಗಳನ್ನು ನಿಯಮಿಸುವ ಯೂನಿಕೋಡ್ ಎಂಬ ಸಂಕೇತಪಟ್ಟಿಯ ಮೊದಲನೆಯ ಆವೃತ್ತಿಯು ಹೊರಟುದು ೧೯೯೧ರಲ್ಲಿ. ಆ ಪಟ್ಟಿಯಲ್ಲಿ ನಮ್ಮ ರಳಕ್ಕೆ ಸ್ಥಾನವೇನೋ ಇದೆ. ಆದರೆ ಅದರ ಇಂಗ್ಲಿಷ್ ಹೆಸರು ‘ಕನ್ನಡ ಲೆಟರ್ ಫಾ’ ಎಂದು ತಪ್ಪಾಗಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಾಯಿಸಬಾರದೆಂಬುದು ಆ ಪದ್ಧತಿಯ ನಿಯಮವಾದುದರಿಂದ, ಸರಿಯಾದ ಹೆಸರನ್ನು ಪಕ್ಕದಲ್ಲಿ ಸೇರಿಸಿ, ತಪ್ಪನ್ನು ಹಾಗೆಯೇ ಉಳಿಸಿದ್ದಾರೆ. ಮುಂದೊಂದು ಕಾಲದಲ್ಲಿ ನನ್ನಂಥ ಪಂಡಿತನೊಬ್ಬನು ಈ ಹೆಸರನ್ನು ನೋಡಿ, ಇಪ್ಪತ್ತನೆಯ ಶತಮಾನದ ಕನ್ನಡಿಗರು ರಳವನ್ನು ಫಕಾರದಂತೆ ಉಚ್ಚರಿಸುತ್ತಿದ್ದರೆಂದು ನಿರ್ಣಯಿಸಿದರೆ ಆಶ್ಚರ್ಯಪಡಬೇಕಾದುದಿಲ್ಲ. ಅವನನ್ನು ತಡೆಯಬಲ್ಲವರು ಪಟ್ಟಿಯ ಕೆಲಸವನ್ನು ಕಂಡವರು. ಅವರನ್ನು ಕೇಳತಕ್ಕ ಕಾಲವು ಇದೇ.

ಪ್ರತಿಯೊಂದು ಕಾಲೇಜಿನ ಕನ್ನಡ ತರಗತಿಯೂ ತನ್ನ ಊರಿನ ಒಂದು ಕಸಬನ್ನು ಆರಿಸಿಕೊಂಡು, ವರ್ಷಕ್ಕೆ ಇಬ್ಬರು ಮೂವರು ಕುಶಲರ ಮಾತನ್ನು ಮೇಲೆ ಹೇಳಿದ ಕ್ರಮದಿಂದ ಸಂಗ್ರಹಿಸಿದರೆ, ಹತ್ತು ವರ್ಷಗಳಲ್ಲಿ ನಾಡಿನ ಚರಿತ್ರೆಗೆ ಒಂದು ಹೊಸ ಆಕರವು ಸಿದ್ಧವಾಗುವುದು. ಮೊದಲನೆಯ ವೃದ್ಧರು ನಾವು ಹೊರಡುವಾಗ ಒಂದು ಸಣ್ಣ ಕಾಗದದ ಪೊಟ್ಟಣವನ್ನು ತಂದು ವಿದ್ಯಾರ್ಥಿಗಳ ಕೈಗೆ ಕೊಟ್ಟರು. ಮುದ್ರಣಾಲಯವು ಮುಚ್ಚಿದ ದಿನ ಅವರು ತೆಗೆದಿಟ್ಟುಕೊಂಡಿದ್ದ ಮೊಳೆಗಳು ಅದರಲ್ಲಿದ್ದುವು. ಹನ್ನೊಂದು ಮೊಳೆಗಳು, ಎಲ್ಲವೂ ‘ಹಳೇ ಳ’.